ಕಾಲು ಕಟ್ಟುವ ತವರಿನ ಬೈಗುಳ

2018ರ ಜೂನ್ 1ರಂದು ಮುಂಬೈನಲ್ಲಿ ಭಾರತ ಫುಟ್‌ಬಾಲ್ ತಂಡ ಚೈನೀಸ್ ತೈಪೆಯನ್ನು 5–0ಯಿಂದ ಸೋಲಿಸಿತು. ನಾಯಕ ಸುನಿಲ್ ಚೆಟ್ರಿ ಹ್ಯಾಟ್ರಿಕ್ ಹೊಡೆದರೂ ನೋಡಲು ಬಂದಿದ್ದವರು 2,569 ಮಂದಿ. ಬೆಂಗಳೂರು ಎಫ್‌ಸಿಯ ಈ ಆಟಗಾರ ವಿಡಿಯೊದಲ್ಲಿ ಬೇಡಿಕೊಂಡರು: ಟೀಕಿಸಿ, ಬೇಕಾದರೆ ಬೈಯಿರಿ, ಆದರೆ ಮೈದಾನಕ್ಕೆ ಬನ್ನಿ ಎಂದು. ಎರಡು ದಿನ ಕಳೆದು ಕೀನ್ಯಾ ವಿರುದ್ಧ ಆಡುವಾಗ ಟಿಕೆಟ್‌ಗಳೆಲ್ಲ ಖಾಲಿ. ಅದು ಚೆಟ್ರಿಯವರ 100ನೇ ಅಂತರರಾಷ್ಟ್ರೀಯ ಪಂದ್ಯ. ಭಾರತ 3–0ಯಿಂದ ಗೆದ್ದಿತು, ಎರಡು ಗೋಲು ಅವರದೇ.

ಅಂದು ಬಂದವರು ಹುರಿದುಂಬಿಸಿದರು. ಅವರು ನಿಜಕ್ಕೂ ಬೈಯಲು ನಿಂತಿದ್ದರೆ ಆಟ ಹೀಗೆ ಬರುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ತವರಿನವರು ಗೇಲಿ ಮಾಡತೊಡಗಿದರೆ ಆಟಗಾರನಲ್ಲಿ ಮೊದಲು ಕುಗ್ಗುವುದು ಚೆಂಡು ಕೇಳುವ ಧೈರ್ಯ. ಇಬ್ಬರು ಡಿಫೆಂಡರ್‌ಗಳ ನಡುವೆ ಸಂದು ಕಾಣುತ್ತದೆ. ಅಲ್ಲಿಗೆ ಪಾಸ್ ಕೊಟ್ಟರೆ ಗೋಲಾಗಬಹುದು, ತಪ್ಪಿದರೆ ಸ್ಟ್ಯಾಂಡ್ ಪೂರ್ತಿ ಕೂಗುತ್ತದೆ. ಅವನು ಚೆಂಡನ್ನು ಹಿಂದಕ್ಕೆ ತಳ್ಳುತ್ತಾನೆ. ಅದಕ್ಕೂ ಕೂಗು. ಹಿಂದಿದ್ದವನು ಗೋಲ್‌ಕೀಪರ್‌ಗೆ ಕೊಡುತ್ತಾನೆ, ಅವನು ಕಣ್ಣುಮುಚ್ಚಿ ದೂರಕ್ಕೆ ಒದೆಯುತ್ತಾನೆ, ಚೆಂಡು ಎದುರಾಳಿಯ ಪಾಲು. ಹೊರಗಿನಿಂದ ಬಂದ ತಂಡಕ್ಕೂ ಇದು ಗೊತ್ತು. ಮೊದಲ ಇಪ್ಪತ್ತು ನಿಮಿಷ ಗೋಲು ಬಿಟ್ಟುಕೊಡದಿದ್ದರೆ ಸಾಕು, ಆ ಊರಿನವರೇ ತಮ್ಮ ತಂಡದ ಮೇಲೆ ತಿರುಗಿಬೀಳುತ್ತಾರೆ.

ಲಂಡನ್ನಿನ ಅರ್ಸೆನಲ್ ತಂಡದ ನಾಯಕ ಗ್ರಾನಿತ್ ಝಾಕಾ 2019ರ ಅಕ್ಟೋಬರ್ 27ರಂದು ಬದಲಿ ಆಟಗಾರನಿಗೆ ಜಾಗ ಬಿಟ್ಟು ಹೊರನಡೆಯುವಾಗ ಸ್ವಂತ ಅಭಿಮಾನಿಗಳೇ ಹೀಯಾಳಿಸಿದರು. ಝಾಕಾ ಕಿವಿಗೆ ಕೈ ಹಿಡಿದು, ಜೆರ್ಸಿ ಕಳಚಿ ಒಳಗೆ ಹೋದರು. ನಾಯಕತ್ವವೂ ಹೋಯಿತು. ಅದೇ ಝಾಕಾ 2023–24ರಲ್ಲಿ ಜರ್ಮನಿಯ ಲೆವರ್‌ಕುಸನ್ ಪರ ಆಡಿ, ಒಂದೂ ಪಂದ್ಯ ಸೋಲದೆ ಲೀಗ್ ಗೆದ್ದ ತಂಡದ ಆಧಾರವಾದರು. ನಮ್ಮಲ್ಲೂ 2024ರ ಐಪಿಎಲ್‌ನಲ್ಲಿ ಮುಂಬೈನ ವಾಂಖೆಡೆ ಕ್ರೀಡಾಂಗಣದ ಜನ ತಮ್ಮದೇ ತಂಡದ ನಾಯಕ ಹಾರ್ದಿಕ್ ಪಾಂಡ್ಯ ಅವರನ್ನು ಗೇಲಿ ಮಾಡಿದರು. ಮುಂಬೈ ಕೊನೆಯ ಸ್ಥಾನಕ್ಕಿಳಿಯಿತು. ಸೋಲಿಗೆ ಬೇರೆ ಕಾರಣಗಳೂ ಇದ್ದವು, ನಿಜ. ಆದರೆ ಆ ಕೂಗು ಯಾರ ಕೈಯನ್ನೂ ಬಲಪಡಿಸಲಿಲ್ಲ.

ಬೆಂಗಳೂರಿನ ಕಂಠೀರವದಲ್ಲಿ ಸ್ಟ್ಯಾಂಡ್‌ಗೂ ಮೈದಾನಕ್ಕೂ ನಡುವೆ ಓಟದ ಟ್ರ್ಯಾಕ್ ಇದೆ, ಒಬ್ಬನ ಮಾತು ಗದ್ದಲದಲ್ಲಿ ಕರಗುತ್ತದೆ. ಶೃಂಗೇರಿಯಿಂದ ಕಾರ್ಕಳಕ್ಕೆ ಹೋಗುವ ದಾರಿಯ ಕೆರೆಕಟ್ಟೆಯಂಥ ಮಲೆನಾಡಿನ ಊರುಗಳಲ್ಲಿ ಆ ಅಂತರವಿಲ್ಲ. ಹಗ್ಗದ ಆಚೆ ನಿಂತವರು ಮಾವ, ಮೇಷ್ಟ್ರು, ಅಂಗಡಿಯವರು. "ಎಂತ ಆಡ್ತೀಯ ಮಾರಾಯ, ಹೊರಗೆ ಬಾ" ಎಂದದ್ದು ನೇರ ಹುಡುಗನ ಕಿವಿಗೆ ಬೀಳುತ್ತದೆ. ಮರುದಿನ ಅದೇ ಬಸ್ಸಿನಲ್ಲಿ ಅವರೆದುರು ಕೂರಬೇಕು.

ತಪ್ಪನ್ನು ಹೇಳಲೇಬೇಕು, ಆದರೆ ಪಂದ್ಯ ಮುಗಿದ ಮೇಲೆ, ಹುಡುಗನನ್ನು ಪಕ್ಕಕ್ಕೆ ಕರೆದು. ಮುಂದಿನ ಟೂರ್ನಮೆಂಟಿಗೆ ಹಗ್ಗದ ಬಳಿ ನಿಲ್ಲುವವರು ಕೊನೆಯ ಸೀಟಿ ಊದುವವರೆಗಾದರೂ ನಿಮ್ಮ ಹುಡುಗರ ಕಡೆಗಿರಿ.