ನಾಲ್ಕು ಕೋಟಿ ವರ್ಷ ನೀರಿನ ನಡುವೆ

2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಹರಿದಾಗ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನದಿದಂಡೆಯ ಎಷ್ಟೋ ಊರುಗಳು ನಡುಗಡ್ಡೆಗಳಾದವು. ನೀರು ಇಳಿದ ಮೇಲೆ ಅದೇ ಊರು, ಅದೇ ಎರೆಹೊಲ. ನಾಲ್ಕೂ ಕಡೆ ನೀರು ನಿಂತ ಮಾತ್ರಕ್ಕೆ ನೆಲದ ಹುಟ್ಟು ಬದಲಾಗುವುದಿಲ್ಲ. ಆದರೆ ದ್ವೀಪ ಯಾವುದು, ಖಂಡ ಯಾವುದು ಎಂದು ಶಾಲೆಯಲ್ಲಿ ಕಲಿಸುವಾಗ ನಾವು ನೀರನ್ನೂ ಅಳತೆಯನ್ನೂ ಬಿಟ್ಟು ಬೇರೇನನ್ನೂ ನೋಡುವುದಿಲ್ಲ. ಸುಮಾರು 76.9 ಲಕ್ಷ ಚದರ ಕಿಲೋಮೀಟರಿನ ಆಸ್ಟ್ರೇಲಿಯಾ ಅತಿ ಚಿಕ್ಕ ಖಂಡ, ಸುಮಾರು 21.6 ಲಕ್ಷ ಚದರ ಕಿಲೋಮೀಟರಿನ ಗ್ರೀನ್‌ಲ್ಯಾಂಡ್ ಅತಿ ದೊಡ್ಡ ದ್ವೀಪ. ಇವೆರಡರ ನಡುವಿನ ಅಳತೆಯ ನೆಲವೊಂದು ಇದ್ದರೆ ಅದನ್ನು ಏನೆನ್ನಬೇಕು?

ಅಂಥದೊಂದು ನೆಲ ಇತ್ತು. ಅದರ ಮೇಲೆಯೇ ನಾವಿದ್ದೇವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಭಾರತದ ನೆಲ ಮಡಗಾಸ್ಕರ್‌ನಿಂದ ಬೇರ್ಪಟ್ಟಿತು. ಆ ಬಿರುಕಿನ ಕಾಲದ ಲಾವಾ ಉಡುಪಿಯ ಸೇಂಟ್ ಮೇರೀಸ್ ದ್ವೀಪಗಳಲ್ಲಿ ಕಂಬಗಳ ಸಾಲಾಗಿ ಈಗಲೂ ನಿಂತಿದೆ. ಅಲ್ಲಿಂದ ಉತ್ತರಕ್ಕೆ ಸರಿಯುತ್ತ ಬಂದ ಭಾರತ ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾಕ್ಕೆ ಡಿಕ್ಕಿ ಹೊಡೆಯಿತು. ನಡುವಿನ ಹತ್ತಿರ ಹತ್ತಿರ ನಾಲ್ಕು ಕೋಟಿ ವರ್ಷ ಅದರ ಸುತ್ತಲೂ ಸಮುದ್ರವೇ. ಗ್ರೀನ್‌ಲ್ಯಾಂಡಿಗಿಂತ ದೊಡ್ಡದು, ಆಸ್ಟ್ರೇಲಿಯಾಕ್ಕಿಂತ ಚಿಕ್ಕದು. ಅಳತೆಪಟ್ಟಿ ಹಿಡಿದು ಕೂತರೆ ಈ ಪ್ರಶ್ನೆ ತೀರುವುದಿಲ್ಲ. ಕಲ್ಲನ್ನು ಕೇಳಬೇಕು.

ಭೂಮಿಯ ತೊಗಟೆಯಲ್ಲಿ ಮುಖ್ಯವಾಗಿ ಎರಡು ಬಗೆ. ಸಮುದ್ರದ ತಳದ್ದು ತೆಳು, ಸುಮಾರು 7 ಕಿಲೋಮೀಟರ್. ಅದು ಬಸಾಲ್ಟ್ ಎಂಬ ಭಾರವಾದ ಕರಿಕಲ್ಲಿನದು. ಖಂಡದ್ದು 35–40 ಕಿಲೋಮೀಟರ್ ದಪ್ಪ. ಅದರ ಮೇಲ್ಭಾಗದಲ್ಲಿ ಗ್ರಾನೈಟಿನಂಥ ಹಗುರ ಕಲ್ಲುಗಳೇ ಹೆಚ್ಚು. ದಪ್ಪ ದಿಮ್ಮಿ ತೆಳು ಹಲಗೆಗಿಂತ ನೀರಿನಿಂದ ಮೇಲೆದ್ದು ತೇಲುವಂತೆ, ಕೆಳಗಿನ ಇನ್ನೂ ಭಾರವಾದ ಕವಚದ ಮೇಲೆ ಖಂಡದ ತೊಗಟೆ ಎತ್ತರದಲ್ಲಿ ನಿಲ್ಲುತ್ತದೆ, ಸಾಗರದ್ದು ತಗ್ಗಿನಲ್ಲಿ ಕೂರುತ್ತದೆ. ಆ ತಗ್ಗಿನಲ್ಲಿ ನೀರು ತುಂಬಿರುವುದರಿಂದಲೇ ಅದು ಸಾಗರ. ಹವಾಯಿ, ರಿಯೂನಿಯನ್‌ನಂಥ ದ್ವೀಪಗಳು ಆ ತಳದಿಂದ ಲಾವಾ ಮೇಲೆ ಲಾವಾ ಬಿದ್ದು ಎದ್ದವು. ಶ್ರೀಲಂಕಾದ ಕತೆಯೇ ಬೇರೆ. ಅದು ಭಾರತದ್ದೇ ಖಂಡದ ತುಂಡು, ನಡುವೆ ಇರುವುದು ಆಳವಿಲ್ಲದ ನೀರು. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದಲ್ಲಿ ಸಮುದ್ರ ನೂರಿಪ್ಪತ್ತು ಮೀಟರಿನಷ್ಟು ತಗ್ಗಿದ್ದಾಗ, ಅಲ್ಲಿಗೆ ನಡೆದೇ ಹೋಗಬಹುದಿತ್ತು.

ಈಗ ಕಲಬುರಗಿ ಸೀಮೆಯ ಆಳಂದಕ್ಕೆ ಬನ್ನಿ. ತೊಗರಿ ಬೆಳೆಯುವ ಎರೆಮಣ್ಣನ್ನು ತೋಡಿದರೆ ಗರಸು, ಗರಸಿನ ಕೆಳಗೆ ಕರಿಕಲ್ಲು. ಅದು ಬಸಾಲ್ಟ್. ಅಂದರೆ ಸಾಗರದ್ವೀಪಗಳನ್ನು ಕಟ್ಟುವ ಜಾತಿಯ ಕಲ್ಲೇ ಇಲ್ಲಿದೆ! ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಭಾರತ ಇನ್ನೂ ಸಮುದ್ರದ ನಡುವೆ ಸರಿಯುತ್ತಿದ್ದಾಗ, ದಖ್ಖನಿನ ನೆಲ ಬಿರಿದು ಲಾವಾ ಹರಿದು ಪದರ ಪದರವಾಗಿ ಹೆಪ್ಪುಗಟ್ಟಿತು. ಈಗ ಉಳಿದಿರುವುದೇ ಸುಮಾರು 5 ಲಕ್ಷ ಚದರ ಕಿಲೋಮೀಟರ್. ಅದನ್ನು ಉಕ್ಕಿಸಿದ ಒಳಗಿನ ಬಿಸಿಚಿಲುಮೆ ಈಗ ರಿಯೂನಿಯನ್ ದ್ವೀಪದ ಕೆಳಗಿದೆ ಎಂಬುದು ಬಹುಪಾಲು ಭೂವಿಜ್ಞಾನಿಗಳ ಅಭಿಪ್ರಾಯ. ಭಾರತ ಮುಂದೆ ಸರಿದಂತೆ ಆ ಚಿಲುಮೆಯ ಜಾಡು ಲಕ್ಷದ್ವೀಪ, ಮಾಲ್ದೀವ್ಸ್, ಮಾರಿಷಸ್‌ಗಳ ಗುಂಟ ಉಳಿಯಿತು. ಲಕ್ಷದ್ವೀಪದ ಹವಳದ ಅಡಿಯಲ್ಲಿರುವ ಜ್ವಾಲಾಮುಖಿ ದಿಬ್ಬವೂ ಆಳಂದದ ಹೊಲದ ಕಲ್ಲೂ ಒಂದೇ ಬಳಗ ಎಂಬುದು ನನಗಂತೂ ಪ್ರತಿಸಲವೂ ರೋಮಾಂಚನ ತರುವ ಸಂಗತಿ.

ಹಾಗಾದರೆ ಆಳಂದ ದ್ವೀಪದ ನೆಲವೇ? ಅಲ್ಲ. ಕರಿಕಲ್ಲು ಇಲ್ಲಿ ಹೊದಿಕೆ ಮಾತ್ರ. ಪಶ್ಚಿಮ ಘಟ್ಟದ ಕಡೆ ಎರಡು ಕಿಲೋಮೀಟರಿಗೂ ದಪ್ಪವಿರುವ ಅದು ಪೂರ್ವಕ್ಕೆ ಬಂದಂತೆ ತೆಳುವಾಗಿ, ಕಲಬುರಗಿ ಸೀಮೆಯಲ್ಲಿ ಮುಗಿದೇ ಹೋಗುತ್ತದೆ. ಅಂಚು ಇಲ್ಲಿರುವುದು ನಮ್ಮ ಭಾಗ್ಯ, ಏಕೆಂದರೆ ಕೆಳಗೇನಿದೆ ಎಂದು ಬಗ್ಗಿ ನೋಡಬಹುದು. ಆಳಂದ ತಾಲ್ಲೂಕಿನ ಅಮರ್ಜಾ ಹೊಳೆ ಕರಿಕಲ್ಲಿನ ನೆಲದಲ್ಲೇ ಹರಿದು ದೇವಲ ಗಾಣಗಾಪುರದ ಸಂಗಮದಲ್ಲಿ ಭೀಮೆಗೆ ಸೇರುತ್ತದೆ. ಭೀಮೆ ಜೇವರ್ಗಿ ದಾಟಿ ಮುಂದೆ ಹೋದಂತೆ ಸುಣ್ಣಕಲ್ಲು ತಲೆ ಎತ್ತುತ್ತದೆ. ನಮ್ಮ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದಿ ಪರಸಿ ಇದೇ. ಲಾವಾ ಹರಿಯುವುದಕ್ಕೆ ಕೋಟ್ಯಂತರ ವರ್ಷ ಮೊದಲು, ಖಂಡದ ಮೇಲೆ ನುಗ್ಗಿದ್ದ ಆಳವಿಲ್ಲದ ಸಮುದ್ರದಲ್ಲಿ ಕೂತ ಕೆಸರು ಅದು. ಇನ್ನೂ ದಕ್ಷಿಣಕ್ಕೆ, ಶಹಾಪುರದಲ್ಲಿ ಮಲಗಿದ ಬುದ್ಧನಂತೆ ಕಾಣುವ ಬೆಟ್ಟ ಇದೆಯಲ್ಲ, ಅದು ಗ್ರಾನೈಟ್. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಕರಿಕಲ್ಲು, ಸುಣ್ಣಕಲ್ಲು ಎರಡನ್ನೂ ಹೊತ್ತಿರುವ ತಳಪಾಯ ಅಂಥ ಕಲ್ಲಿನದು. ಸುತ್ತ ಸಮುದ್ರವಿದ್ದ ಆ ನಾಲ್ಕು ಕೋಟಿ ವರ್ಷವೂ ಭಾರತ ಖಂಡವೇ ಆಗಿತ್ತು ಎನ್ನುವುದಕ್ಕೆ ಇದೇ ಸಾಕ್ಷಿ.

ಇದರ ತಿರುವುಮುರುವೂ ಉಂಟು. ಮಾರಿಷಸ್‌ನ ಲಾವಾಕ್ಕೆ ಹೆಚ್ಚೆಂದರೆ ಸುಮಾರು ತೊಂಬತ್ತು ಲಕ್ಷ ವರ್ಷ ವಯಸ್ಸು; ಆದರೆ ಅದರೊಳಗಿನ ಜಿರ್ಕಾನ್ ಹರಳುಗಳು ಸುಮಾರು 300 ಕೋಟಿ ವರ್ಷ ಹಳೆಯವೆಂದು 2017ರಲ್ಲಿ ಪ್ರಕಟವಾಯಿತು. ದ್ವೀಪದಡಿ ಹುದುಗಿದ ಖಂಡದ ಚೂರು! ಅದೇ ವರ್ಷ ನ್ಯೂಜಿಲೆಂಡ್ ಸುತ್ತಲಿನ, ಶೇ 94ರಷ್ಟು ಮುಳುಗಿರುವ ‘ಜೀಲ್ಯಾಂಡಿಯಾ’ವನ್ನು ಖಂಡವೆಂದೇ ಎಣಿಸಬೇಕೆಂಬ ವಾದವೂ ಬಂತು. ನನಗೆ ಆ ವಾದ ಸರಿ ಕಾಣುತ್ತದೆ.

ನಮ್ಮ ಶಾಲೆಗಳು ಪ್ರವಾಸಕ್ಕೆ ಗಾಣಗಾಪುರಕ್ಕೆ ಹೇಗೂ ಹೋಗುತ್ತವೆ. ಬಸ್ಸನ್ನು ಜೇವರ್ಗಿ ಮೇಲೆ ಶಹಾಪುರದವರೆಗೆ ಒಯ್ದರೆ ಮೂರೂ ಕಲ್ಲು ಒಂದೇ ದಿನದಲ್ಲಿ ಸಿಗುತ್ತವೆ. ಪರಸಿಯ ಮೇಲೆ ಪ್ರಯೋಗಾಲಯದ ದುರ್ಬಲ ಆಮ್ಲದ ಹನಿ ಬಿದ್ದರೆ ನೊರೆ ಏಳುತ್ತದೆ, ಮಿಕ್ಕೆರಡರ ಮೇಲೆ ಏಳುವುದಿಲ್ಲ. ಕರಿಕಲ್ಲು, ಗ್ರಾನೈಟುಗಳನ್ನು ದಾರ ಕಟ್ಟಿ ತಕ್ಕಡಿಗೆ ತೂಗಬೇಕು; ಒಮ್ಮೆ ಗಾಳಿಯಲ್ಲಿ, ಒಮ್ಮೆ ನೀರಲ್ಲಿ ಮುಳುಗಿಸಿ. ಗಾಳಿಯ ತೂಕವನ್ನು, ನೀರಲ್ಲಿ ಎಷ್ಟು ತೂಕ ಕಡಿಮೆಯಾಯಿತೋ ಅದರಿಂದ ಭಾಗಿಸಿದರೆ ಗ್ರಾನೈಟಿಗೆ 2.65ರ ಆಸುಪಾಸು, ಬಸಾಲ್ಟಿಗೆ 2.9ರ ಆಸುಪಾಸು ಬರುತ್ತದೆ. ತೂತುತೂತಾದ ಕಲ್ಲು, ಗರಸಾಗಿ ಉದುರುವ ಕಲ್ಲು ಬೇಡ. ಆಗಷ್ಟೇ ಒಡೆದ ಗಟ್ಟಿ ತುಂಡು ಬೇಕು.