ಮಕ್ಕಳ ಬೋಟಿಗೊಂದು ಬಿಗಿಯಾದ ಸ್ಕ್ರೂ

ಕಳೆದ ರಜೆಯಲ್ಲಿ ಶಹಾಬಾದಿಗೆ ಹೋಗಿದ್ದೆ. ಕೆಲಸದ ನಿಮಿತ್ತ ತಂಗಿಯ ಸಂಸಾರ ಅಲ್ಲೇ ನೆಲೆಸಿದೆ. ಅವಳ ಮಗನಿಗೆ ಹನ್ನೊಂದು ವರ್ಷ. ಕಡಲೂರಿನ ರಕ್ತ ನೋಡಿ, ಮರ ಕೆತ್ತಿ, ಚಿಕ್ಕ ಮೋಟರ್ ಕೂರಿಸಿ, ರಿಮೋಟ್ ಬೋಟ್ ಮಾಡಿದ್ದ. ಆದರೆ ಅಲ್ಲಿ ಕಡಲೆಲ್ಲಿ? ಬೋಟ್ ಬಿಡಲು ಅವನು ಹುಡುಕಿದ್ದು ಮಳೆನೀರು ತುಂಬಿದ ಹಳೆಯ ಕಲ್ಲಿನ ಗಣಿ.

ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಬರುವುದು ಈ ಸೀಮೆಯ ಗಣಿಗಳಿಂದಲೇ. ಕಲ್ಲು ತೆಗೆದ ಜಾಗದಲ್ಲಿ ಹೊಂಡ ಉಳಿಯುತ್ತದೆ. ಅಂಚು ಗೋಡೆಯಂತೆ ನೇರ, ಆಳ ಕಣ್ಣಿಗೆ ತಿಳಿಯುವುದಿಲ್ಲ.

"ಮಾಮ, ಮೋಟರ್ ತಿರುಗ್ತಾ ಉಂಟು, ಬೋಟ್ ಹೋಗುದಿಲ್ಲ" ಎಂದ. ಬೋಟ್ ನಡುನೀರಲ್ಲಿ ನಿಂತಿತ್ತು. ಮಾತು ಮುಗಿಯುವ ಮೊದಲೇ ಪ್ಯಾಂಟ್ ಮಡಚಿ ಅಂಚಿಗೆ ಇಳಿಯತೊಡಗಿದ್ದ. ದಾರಿಯಲ್ಲಿ ಹೋಗುತ್ತಿದ್ದ ಅಜ್ಜ ಕೂಗಿದರು: "ಇಳಿಬ್ಯಾಡೋ ತಮ್ಮಾ, ಭಾಳ ಆಳ ಅದ!" ಅವನ ತೋಳು ಹಿಡಿದೆಳೆದೆ. ಗಾಳಿ ಬೀಸಿ ಬೋಟ್ ತಾನಾಗಿ ದಡಕ್ಕೆ ಬರಲು ಒಂದು ಗಂಟೆ ಬೇಕಾಯಿತು.

ಮನೆಯಲ್ಲಿ ಬಿಚ್ಚಿ ನೋಡಿದರೆ ತಪ್ಪು ತೀರಾ ಚಿಕ್ಕದು. ಮೋಟರನ್ನೂ ಶಾಫ್ಟನ್ನೂ ಜೋಡಿಸುವ ಕಪ್ಲಿಂಗ್‌ನ ಗ್ರಬ್ ಸ್ಕ್ರೂ ಸಡಿಲವಾಗಿತ್ತು. ದುಂಡಗಿನ, ನುಣುಪಾದ ಶಾಫ್ಟಿನ ಮೇಲೆ ಸ್ಕ್ರೂ ಎಷ್ಟು ಬಿಗಿದರೂ ಜಾರುತ್ತದೆ. ಸ್ಕ್ರೂ ಕೂರುವ ಜಾಗದಲ್ಲಿ ಅರದಿಂದ ಉಜ್ಜಿ ಚಪ್ಪಟೆ ಮಾಡಬೇಕು. ಎಣ್ಣೆ ಒರೆಸಿ, ಥ್ರೆಡ್ಡಿಗೆ ಒಂದು ಹನಿ ನೀಲಿ ಥ್ರೆಡ್‌ಲಾಕರ್ ಹಾಕಿ ಬಿಗಿದು, ಒಂದು ದಿನ ಬಿಡಬೇಕು. ಬೇಕೆಂದಾಗ ಅಲೆನ್ ಕೀಯಲ್ಲಿ ಬಿಚ್ಚಬಹುದು. ಅದು ಪ್ಲಾಸ್ಟಿಕ್ಕಿಗೆ ತಾಗಬಾರದು, ಕೆಲವು ಪ್ಲಾಸ್ಟಿಕ್ ಬಿರುಕು ಬಿಡುತ್ತದೆ.

ಪ್ರೊಪೆಲ್ಲರ್ ಕಡೆಯೂ ನೋಡಿ. ಮೊದಲು ಶಾಫ್ಟಿಗೆ ಲಾಕ್‌ನಟ್, ಆಮೇಲೆ ಪ್ರೊಪೆಲ್ಲರ್, ಕೊನೆಗೆ ನಟ್ಟನ್ನು ಹಿಂದಕ್ಕೆ ತಿರುಗಿಸಿ ಅದಕ್ಕೆ ಒತ್ತಿ ಬಿಗಿಯಬೇಕು. ಒಂದು ದಿಕ್ಕಿಗೆ ತಿರುಗುವಾಗ ಬಿಗಿಯುವ ಥ್ರೆಡ್, ರಿವರ್ಸ್ ಹಾಕಿದರೆ ಸಡಿಲಾಗುತ್ತದೆ. ಶಾಫ್ಟ್ ಹೊರಜಾರದಂತೆ ಬೋಟಿನೊಳಗೆ ಒಂದು ಕಾಲರ್ ಇರಲಿ. ಮೋಟರೂ ಶಾಫ್ಟೂ ಒಂದೇ ಗೆರೆಯಲ್ಲಿ ಇರದಿದ್ದರೆ ಅದುರಿ ಅದುರಿ ಎಲ್ಲವೂ ಸಡಿಲವಾಗುತ್ತವೆ.

ನಮ್ಮ ಮಂಗಳೂರು ದಕ್ಕೆಯ ದೊಡ್ಡ ಬೋಟುಗಳಲ್ಲೂ ಲೆಕ್ಕ ಇದೇ. ಶಾಫ್ಟಿನಲ್ಲಿ ಕೀ, ಅದರ ಮೇಲೆ ಪ್ರೊಪೆಲ್ಲರ್, ಹಿಂದೆ ನಟ್, ನಟ್ ಕಳಚದಂತೆ ಪಿನ್. ಬರಿಯ ಬಿಗಿತವನ್ನು ಅಲ್ಲಿ ಯಾರೂ ನಂಬುವುದಿಲ್ಲ.

ಮರುದಿನ ಬೋಟನ್ನು ಮೊದಲು ಮನೆಯ ಟಬ್ಬಿನಲ್ಲಿ ಹತ್ತು ನಿಮಿಷ ಓಡಿಸಿದೆವು, ಮುಂದಕ್ಕೂ ಹಿಂದಕ್ಕೂ. ಆಮೇಲೆ ಅದರ ಮೂತಿಗೆ ಗಾಳದ ದಾರ ಕಟ್ಟಿದೆವು. ಗಣಿಯ ಕಡೆ ಹೋಗುವುದೇ ಬೇಡವೆಂದು ತಂಗಿ ಖಡಾಖಂಡಿತ ಹೇಳಿದಳು. ಈಗ ಅವನು ಬೋಟ್ ಬಿಡುವುದು ಅಂಗಳದ ಸಿಮೆಂಟ್ ತೊಟ್ಟಿಯಲ್ಲಿ.

ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿಯಲ್ಲಿರುವ ನಮ್ಮವರಿಗೂ, ಊರಲ್ಲಿರುವವರಿಗೂ ಹೇಳುವುದಿಷ್ಟೇ: ಮಕ್ಕಳ ಕೈಯಿಂದ ಬೋಟ್ ಕಿತ್ತುಕೊಳ್ಳಬೇಡಿ. ಸ್ಕ್ರೂ ಬಿಗಿಯಲು ಜೊತೆಗೆ ಕುಳಿತುಕೊಳ್ಳಿ. ಬೋಟ್ ನಿಂತರೆ ನಿಲ್ಲಲಿ, ಮಗು ನೀರಿಗೆ ಇಳಿಯಬಾರದು.