ಎಂ.ಎ. ಆಯಿತು, ಬೋರ್ಡು ಹಾಕಬಹುದೆ?

‘ಮಗಳು ಸೈಕಾಲಜಿ ಎಂ.ಎ. ಮುಗಿಸಿದಳು. ಇನ್ನು ಕ್ಲಿನಿಕ್ ತೆರೆಯಬಹುದಲ್ಲ?’ ಎಂದು ಕೇಳುವ ತಂದೆ-ತಾಯಿ ಬಹಳ ಮಂದಿ. ಉತ್ತರ ಅವರಿಗೆ ಹಿಡಿಸುವುದಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡು ಹಾಕಲು ಆ ಪದವಿಯೊಂದೇ ಸಾಲದು. 1992ರ ಕಾಯ್ದೆಯಂತೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಣಿಯಾಗಿರಬೇಕು. ಇಲ್ಲದೆ ವೃತ್ತಿ ನಡೆಸಿದರೆ ಸಾವಿರ ರೂಪಾಯಿವರೆಗೆ ದಂಡ. ಇಷ್ಟೇನಾ ಎಂದು ನಗಬೇಡಿ, ಒಂದು ವರ್ಷದವರೆಗೆ ಜೈಲೂ ಆಗಬಹುದು.

ನೋಂದಣಿಗೆ ಪರಿಷತ್ತು ಒಪ್ಪಿದ ತರಬೇತಿ ಬೇಕು. ಬಹುಕಾಲ ಅದಕ್ಕಿದ್ದ ಮುಖ್ಯ ದಾರಿ, ಎಂ.ಎ. ನಂತರದ ಎರಡು ವರ್ಷದ ಎಂ.ಫಿಲ್. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಧಾರವಾಡದ ಡಿಮ್ಹಾನ್ಸ್‌ನಲ್ಲೂ ಅದನ್ನು ಕಲಿಸುತ್ತ ಬಂದಿದ್ದಾರೆ. ಇಲ್ಲಿ ಪುಸ್ತಕದಷ್ಟೇ ವಾರ್ಡೂ ಮುಖ್ಯ. ರೋಗಿಯ ಹಿನ್ನೆಲೆ ಕೇಳಿ ಬರೆದುಕೊಳ್ಳುವುದು, ಬುದ್ಧಿಶಕ್ತಿಯ ಪರೀಕ್ಷೆ, ಚಿಕಿತ್ಸೆಯ ಮಾತುಕತೆ, ಮನೆಯವರನ್ನು ಸಮಾಧಾನಪಡಿಸುವುದು ಎಲ್ಲವೂ ಹಿರಿಯರ ಕಣ್ಣೆದುರೇ ನಡೆಯಬೇಕು. ಜೊತೆಗೊಂದು ಪ್ರಬಂಧ. ಸೀಟುಗಳೋ ಬೆರಳೆಣಿಕೆಯಷ್ಟು.

ಈಗ ಆ ದಾರಿಯೇ ತಿರುಗಿದೆ. 2022ರ ನಿಯಮಗಳಲ್ಲಿ ಯುಜಿಸಿ ಎಂ.ಫಿಲ್ ಪದವಿಯನ್ನೇ ಕೈಬಿಟ್ಟಿತು. ಕ್ಲಿನಿಕಲ್ ಸೈಕಾಲಜಿಗೆ 2025–26ರ ಪ್ರವೇಶದವರೆಗೆ ವಿನಾಯಿತಿ ಕೊಟ್ಟಿತು. ಆದ್ದರಿಂದ ಅಣ್ಣನೋ ಅಕ್ಕನೋ ಓದಿದ ಕಾಲದ ಮಾಹಿತಿ ನಂಬಿ ಕೂರಬೇಡಿ. ಕಾಲೇಜಿನ ಹೆಸರು ದೊಡ್ಡದೆಂದೂ ಮರುಳಾಗಬೇಡಿ, ಎಂ.ಎ.ಗೆ ವಿಶ್ವವಿದ್ಯಾಲಯದ ಮಾನ್ಯತೆ ಇರುವುದೇ ಬೇರೆ, ಪರಿಷತ್ತಿನ ಮಾನ್ಯತೆಯೇ ಬೇರೆ. ನೀವು ಸೇರುವ ಕೋರ್ಸಿಗೆ, ಆ ಕಾಲೇಜಿನಲ್ಲಿ, ಆ ವರ್ಷಕ್ಕೆ ಪರಿಷತ್ತಿನ ಒಪ್ಪಿಗೆ ಇದೆಯೆ ಎಂದು ಅದರ ಪಟ್ಟಿಯಲ್ಲೇ ನೋಡಿ. ‘ಒಪ್ಪಿಗೆ ಇನ್ನೇನು ಬಂದುಬಿಡುತ್ತದೆ, ಫೀಸು ಕಟ್ಟಿ’ ಎಂದು ಆಫೀಸಿನವರು ಅವಸರಪಡಿಸಿದರೆ, ‘ಬಂದ ಮೇಲೇ ಕಟ್ಟುತ್ತೇವೆ’ ಎಂದು ಹೇಳಿ ಎದ್ದು ಬನ್ನಿ.